ಒಳಗೆ ಹೋದವನ ಪ್ರಶ್ನೆ

ನಮ್ಮೂರು ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರು. ರಾಗಿ, ತೆಂಗು, ಹಿಪ್ಪುನೇರಳೆ ನಂಬಿಕೊಂಡು ಬದುಕುವ ಸೀಮೆ. ನಮ್ಮ ಮನೆಯಲ್ಲೂ ರೇಷ್ಮೆ ಹುಳ ಸಾಕುತ್ತೇವೆ. ಹುಳ ಹಣ್ಣಾಗಿ ಚಂದ್ರಿಕೆಗೆ ಬಿಡುವ ದಿನಗಳಲ್ಲಿ ಮನೆಮಂದಿಗೆಲ್ಲ ನಿದ್ದೆಯಿರುವುದಿಲ್ಲ. ಇಷ್ಟರಮಟ್ಟಿಗೆ ನಾವು ಊರಿನ ಉಳಿದವರ ಹಾಗೆಯೇ. ಒಂದು ವಿಷಯದಲ್ಲಿ ಮಾತ್ರ ಬೇರೆ. ನಾವು ಕ್ರೈಸ್ತರು. ಅಜ್ಜಿ ಕನಕಪುರ ತಾಲ್ಲೂಕಿನ ಹಾರೋಬೆಲೆ ಕಡೆಯಿಂದ ಸೊಸೆಯಾಗಿ ಬಂದವರು. ಭಾನುವಾರ ಬಲಿಪೂಜೆಗೆ ಬಸ್ಸು ಹಿಡಿದು ಚನ್ನಪಟ್ಟಣಕ್ಕೆ ಹೋಗುವುದು ನನಗೆ ನೆನಪಿರುವಷ್ಟು ಹಳೆಯ ಅಭ್ಯಾಸ.

ನಂಬಿಕೆ ಬೇರೆಯಾದವರು ಊರಿನ ಜೊತೆ ಹೇಗೆ ಬಾಳಬೇಕು ಎಂಬುದರ ಮೊದಲ ಪಾಠ ನನಗೆ ಸಿಕ್ಕಿದ್ದು ಶಾಲೆಯಲ್ಲಲ್ಲ, ಮಾರಮ್ಮನ ಹಬ್ಬದಲ್ಲಿ. ಹಬ್ಬಕ್ಕೆ ಮನೆಗಿಷ್ಟು ಎಂದು ವರಿ ಎತ್ತುತ್ತಾರೆ. ಒಂದು ವರ್ಷ ಅಪ್ಪ ಹಣ ಕೈಯಲ್ಲಿ ಹಿಡಿದುಕೊಂಡು ಅನುಮಾನಿಸಿದರು. ಕೊಟ್ಟರೆ ತಾನು ನಂಬದ ಪೂಜೆಗೆ ಕೈ ಸೇರಿಸಿದಂತೆ. ಕೊಡದಿದ್ದರೆ ಊರಿನಿಂದ ಹೊರಗೆ ನಿಂತಂತೆ. ಬಂದಿದ್ದ ಹುಡುಗರಲ್ಲಿ ಒಬ್ಬನಿಗೆ ಸಿಟ್ಟು ಬಂತು. ಜೊತೆಯಲ್ಲಿದ್ದ ಹಿರಿಯರು ಅವನನ್ನು ಸುಮ್ಮನಿರಿಸಿ, "ಇವರ ದುಡ್ಡನ್ನ ನೀರು, ಪಾನಕದ ಲೆಕ್ಕಕ್ಕೆ ಬರ್ಕೊಳ್ರಪ್ಪ. ಬಂದೋರಿಗೆಲ್ಲ ಬಾಯಾರಿಕೆ ಆಯ್ತದೆ" ಎಂದರು. ಅಂದಿನಿಂದ ಹಬ್ಬದ ದಿನ ಪಾನಕ ಹಂಚುವ ಕಡೆ ಅಪ್ಪ ನಿಲ್ಲುತ್ತಾರೆ. ಪೂಜೆಗೆ ಯಾರೂ ಕರೆಯುವುದಿಲ್ಲ, ಯಾಕೆ ಬರಲಿಲ್ಲ ಎಂದೂ ಕೇಳುವುದಿಲ್ಲ.

ಆ ಹಿರಿಯರು ಸಂವಿಧಾನ ಓದಿದವರಲ್ಲ. ಆದರೆ ನಾವೆಲ್ಲ ಒಂದೇ ಎಂದು ತಿಳಿದಿದ್ದ ಎರಡು ಸಂಗತಿಗಳನ್ನು ಅವರು ಬಿಡಿಸಿ ನೋಡಿದರು. ಊರಿನ ಜೊತೆ ಇರುವುದು ಒಂದು, ಊರಿನ ದೇವರಿಗೆ ಕೈ ಮುಗಿಯುವುದು ಇನ್ನೊಂದು. ಮೊದಲನೆಯದನ್ನು ಊರು ಕೇಳಬಹುದು. ಎರಡನೆಯದನ್ನು ಕೇಳಬಾರದು. ಇಷ್ಟು ಸರಳವಾದ ವಿವೇಕ ದೊಡ್ಡ ದೊಡ್ಡ ಕಡೆಗಳಲ್ಲಿ ಯಾಕೆ ಸಿಗುವುದಿಲ್ಲ ಎಂಬುದು ನನ್ನನ್ನು ಕೆಲವು ವರ್ಷಗಳಿಂದ ಕಾಡುತ್ತಿರುವ ಪ್ರಶ್ನೆ. ಈ ಪ್ರಶ್ನೆ ಕೇಳುವ ಅರ್ಹತೆ ನನಗಿದೆಯೇ ಎಂಬುದು ಅದಕ್ಕಿಂತ ಹೆಚ್ಚು ಕಾಡುವ ಪ್ರಶ್ನೆ.

2019ರ ಡಿಸೆಂಬರ್ 25ರಂದು ಹಾರೋಬೆಲೆಯ ಕಪಾಲಬೆಟ್ಟದಲ್ಲಿ 114 ಅಡಿ ಎತ್ತರದ ಯೇಸುವಿನ ಪ್ರತಿಮೆಗೆ ಶಂಕುಸ್ಥಾಪನೆ ಆಯಿತು. ಮುಂದೆ ಏನಾಯಿತು ಎಂಬುದು ಓದುಗರಿಗೆ ನೆನಪಿರಬಹುದು. 2020ರ ಜನವರಿ 13ರಂದು ಅದರ ವಿರುದ್ಧ 'ಕನಕಪುರ ಚಲೋ' ನಡೆಯಿತು. ಸರ್ಕಾರಿ ಗೋಮಾಳದ ಜಮೀನು ಕೊಟ್ಟಿದ್ದು ಸರಿಯೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಜಮೀನು ಎಲ್ಲರದು, ಪ್ರಶ್ನೆಯನ್ನು ಎಲ್ಲರೂ ಕೇಳಬಹುದು. ಆದರೆ ಆ ದಿನಗಳಲ್ಲಿ ನಮ್ಮ ಕಿವಿಗೆ ಬಿದ್ದ ಮಾತುಗಳು ಜಮೀನಿನ ಬಗ್ಗೆ ಮಾತ್ರ ಇರಲಿಲ್ಲ. ತಲೆಮಾರುಗಳಿಂದ ಕನ್ನಡದಲ್ಲೇ ಪ್ರಾರ್ಥಿಸುತ್ತ, ಯೇಸುವಿನ ಯಾತನೆಯ ಕಥೆಯನ್ನು ಕನ್ನಡ ನಾಟಕವಾಗಿ ಆಡುತ್ತ ಬಂದ ಜನ ಈ ಮಣ್ಣಿನವರೇ ಎಂಬ ಅನುಮಾನ ಆ ಮಾತುಗಳಲ್ಲಿತ್ತು. ಅಜ್ಜಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ವಿಗ್ರಹ ಆಗ್ಲಿ ಬುಡ್ಲಿ ಮಗ, ನಾವು ಯಾವೂರೋರು ಅಂತ ಕೇಳ್ತಾವ್ರಲ್ಲ" ಎಂದರು.

ಅದೇ ವಾರ ಅಪ್ಪ ಗೂಡು ಮಾರಲು ರಾಮನಗರದ ಮಾರುಕಟ್ಟೆಗೆ ಹೋಗಿದ್ದರು. ನಮ್ಮ ಗೂಡನ್ನು ಕೊಂಡು ನೂಲು ತೆಗೆಯುವ ರೀಲರ್‌ಗಳಲ್ಲಿ ಮುಸ್ಲಿಮರು ಬಹಳ ಮಂದಿ. ಪರಿಚಯದ ಒಬ್ಬರು ಅಪ್ಪನನ್ನು ಪಕ್ಕಕ್ಕೆ ಕರೆದು, "ನಿಮ್ಮೋರಿಗೆ ಏನೂ ತೊಂದ್ರೆ ಆಗ್ಲಿಲ್ಲ ತಾನೇ ಅಣ್ಣ?" ಎಂದು ಕೇಳಿದರಂತೆ. ಅಷ್ಟೇ ಮಾತು. ಅಪ್ಪ ಮನೆಗೆ ಬಂದು ಅದನ್ನು ಎರಡು ಸಲ ಹೇಳಿದರು. ಅಜ್ಜಿ ಆವತ್ತು ಊಟ ಮಾಡಿದರು. ನಮಗಾಗಿ ಯಾರೂ ಯಾಕೆ ಮಾತಾಡುವುದಿಲ್ಲ ಎಂದು ಹದಿನೈದರ ಹುಡುಗನಾದ ನಾನು ಸಿಟ್ಟಿನಲ್ಲಿದ್ದೆ. ಒಬ್ಬರಾದರೂ ಕೇಳಿದರಲ್ಲ ಎಂದು ಸಮಾಧಾನವಾಯಿತು.

ಎರಡು ವರ್ಷ ಕಳೆಯಿತು. 2022ರ ಫೆಬ್ರವರಿ. ನಾನು ದ್ವಿತೀಯ ಪಿಯುಸಿ. ಉಡುಪಿಯಲ್ಲಿ ಆರಂಭವಾದ ಹಿಜಾಬ್ ವಿವಾದ ರಾಜ್ಯಕ್ಕೆಲ್ಲ ಹಬ್ಬಿತ್ತು. ಫೆಬ್ರವರಿ 5ರಂದು ಸರ್ಕಾರದ ಆದೇಶ ಬಂತು, 10ರಂದು ಹೈಕೋರ್ಟಿನ ಮಧ್ಯಂತರ ಆದೇಶ ಬಂತು. 16ರಂದು ಪಿಯು ಕಾಲೇಜುಗಳು ಮತ್ತೆ ತೆರೆದವು. ನಾನು ಓದುತ್ತಿದ್ದ ಕಾಲೇಜಿನ ಗೇಟಿನಲ್ಲಿ ನನ್ನ ತರಗತಿಯ ಹುಡುಗಿಯೊಬ್ಬಳನ್ನು ನಿಲ್ಲಿಸಿದರು. ಚನ್ನಪಟ್ಟಣದಲ್ಲಿ ಆಲೆ ಮರದ ಬೊಂಬೆ ಮಾಡುವವರ ಮನೆಯ ಮಗಳು. ಮೈಮೇಲೆ ಸಮವಸ್ತ್ರವಿತ್ತು, ತಲೆಯ ಮೇಲೆ ಬಟ್ಟೆಯಿತ್ತು. ತೆಗೆದರೆ ಒಳಗೆ, ಇಲ್ಲವಾದರೆ ಮನೆಗೆ ಎಂದರು. ಅವಳು ಜಗಳವಾಡಲಿಲ್ಲ. ಸ್ವಲ್ಪ ಹೊತ್ತು ನಿಂತು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಅವಳ ಹಿಂದೆಯೇ ಇದ್ದ ನಾನು ಒಳಗೆ ಹೋದೆ. ನನ್ನ ಅಂಗಿಯ ಒಳಗೆ, ಕಪ್ಪು ದಾರದಲ್ಲಿ, ಅಜ್ಜಿ ಕಟ್ಟಿದ ಪುಟ್ಟ ಶಿಲುಬೆ ಇತ್ತು. ಅದನ್ನು ಯಾರೂ ಕೇಳಲಿಲ್ಲ. ಯಾಕೆಂದರೆ ಅದು ಯಾರಿಗೂ ಕಾಣುತ್ತಿರಲಿಲ್ಲ. ಆ ದಿನ ಮೊದಲ ಪೀರಿಯಡ್ ಏನು ಪಾಠವಾಯಿತು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಅಂಗಿಯ ಗುಂಡಿ ಸರಿಯಾಗಿದೆಯೇ ಎಂದು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡಿದ್ದು ಮಾತ್ರ ನೆನಪಿದೆ.

ನಿಯಮ ಎಲ್ಲರಿಗೂ ಒಂದೇ ಎಂದು ಅಂದು ಹೇಳಿದರು. ಹೌದು, ಒಂದೇ. ಆದರೆ ಅದನ್ನು ಪಾಲಿಸಲು ನಾನು ಏನು ಕಳೆದುಕೊಂಡೆ? ಏನೂ ಇಲ್ಲ. ಅವಳು ತನ್ನ ಓದು ಅಥವಾ ತನ್ನ ಮನಸ್ಸಾಕ್ಷಿ, ಎರಡರಲ್ಲಿ ಒಂದನ್ನು ಗೇಟಿನಲ್ಲಿ ಬಿಟ್ಟು ಹೋಗಬೇಕಿತ್ತು. ನಿಯಮದ ಅಕ್ಷರ ಸಮಾನವಾಗಿದ್ದರೆ ಸಾಕೇ? ಅದರ ಭಾರ ಯಾರ ತಲೆಯ ಮೇಲೆ ಬೀಳುತ್ತದೆ ಎಂದು ನೋಡಬೇಡವೇ?

ಇಲ್ಲಿ ಶುಭಸಂದೇಶದ ಒಂದು ಕಥೆ ನೆನಪಾಗುತ್ತದೆ. ತೋಟದ ಯಜಮಾನನೊಬ್ಬ ಬೆಳಿಗ್ಗೆ ಕೆಲವರನ್ನು ಕೂಲಿಗೆ ಕರೆಯುತ್ತಾನೆ, ಮಧ್ಯಾಹ್ನ ಕೆಲವರನ್ನು, ಸಂಜೆ ಇಳಿಹೊತ್ತಿನಲ್ಲಿ ಇನ್ನೂ ಕೆಲವರನ್ನು. ಕೊನೆಗೆ ಎಲ್ಲರಿಗೂ ಒಂದೇ ಕೂಲಿ ಕೊಡುತ್ತಾನೆ. ಬಿಸಿಲಲ್ಲಿ ದುಡಿದವರು ಗೊಣಗುತ್ತಾರೆ. ಸೊಪ್ಪು ಕೊಯ್ಯುವ ಕೂಲಿಯ ಲೆಕ್ಕ ಗೊತ್ತಿದ್ದ ನನಗೂ ಚಿಕ್ಕಂದಿನಲ್ಲಿ ಇದು ಅನ್ಯಾಯವೆಂದೇ ಕಂಡಿತ್ತು. ಅಜ್ಜಿಯನ್ನು ಕೇಳಿದೆ. "ಸಂಜೆಗಂಟ ಕರೆಯೋರಿಲ್ದೆ ನಿಂತಿದ್ದೋನ ಮನೇಲೂ ರಾತ್ರಿ ಒಲೆ ಹಚ್ಬೇಕಲ್ವಾ ಮಗ" ಎಂದರು. ಯಜಮಾನ ಕೊಟ್ಟಿದ್ದು ಒಂದು ದಿನದ ಊಟದ ಕೂಲಿ. ದುಡಿಮೆಯನ್ನು ಅಳೆದು ನೋಡಿದರೆ ಅನ್ಯಾಯ, ಹಸಿವನ್ನು ಅಳೆದು ನೋಡಿದರೆ ನ್ಯಾಯ. ಯಾವುದನ್ನು ಅಳೆಯುತ್ತೇವೆ ಎಂಬುದರ ಮೇಲೆ ಸಮಾನತೆಯ ಅರ್ಥವೇ ಬದಲಾಗುತ್ತದೆ. ಕಾಲೇಜಿನ ಗೇಟಿನಲ್ಲಿ ಅಂದು ಬಟ್ಟೆಯನ್ನು ಅಳೆದರು. ಅಳೆಯಬೇಕಿದ್ದುದು ಓದುವ ಹಸಿವನ್ನು.

ಪಿಯುಸಿ ಮುಗಿದ ಮೇಲೆ ಈ ವಿಷಯವನ್ನು ಸ್ವಲ್ಪ ಓದಿದೆ. ಓದಿದಾಗ ನನಗೆ ನಾಚಿಕೆ ಹೆಚ್ಚಾಯಿತು. ಯಾಕೆಂದರೆ ಇಂಥದ್ದೇ ಗೇಟಿನ ಹೊರಗೆ ಒಂದು ಕಾಲದಲ್ಲಿ ನಿಂತಿದ್ದವರು ಯೇಸುವಿನ ಹೆಸರು ಹೇಳುವ ಮಕ್ಕಳೇ.

1985ರ ಜುಲೈ. ಕೇರಳದ ಒಂದು ಶಾಲೆಯಲ್ಲಿ ಹತ್ತು, ಒಂಬತ್ತು ಮತ್ತು ಐದನೆಯ ತರಗತಿಯಲ್ಲಿದ್ದ ಒಂದೇ ಮನೆಯ ಮೂವರು ಮಕ್ಕಳನ್ನು ಹೊರಹಾಕಲಾಯಿತು. ಅವರು ಯೆಹೋವನ ಸಾಕ್ಷಿಗಳು ಎಂಬ ಪಂಥದವರು. ರಾಷ್ಟ್ರಗೀತೆಯ ಹೊತ್ತಿಗೆ ಎಲ್ಲರ ಜೊತೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಅವರ ನಂಬಿಕೆಯಲ್ಲಿ ಹಾಡು ಪ್ರಾರ್ಥನೆಗೆ ಸಮ, ಪ್ರಾರ್ಥನೆ ದೇವರಿಗೆ ಮಾತ್ರ ಸಲ್ಲತಕ್ಕದ್ದು. ಶಾಸಕರೊಬ್ಬರು ಇದನ್ನು ಗಮನಿಸಿ ವಿಧಾನಸಭೆಯಲ್ಲಿ ಪ್ರಶ್ನೆಯೆತ್ತಿದರು. ತನಿಖೆ ಮಾಡಿದವರು, ಈ ಮಕ್ಕಳು ಶಿಸ್ತಿನವರು, ರಾಷ್ಟ್ರಗೀತೆಗೆ ಅಗೌರವ ತೋರಿಲ್ಲ ಎಂದೇ ವರದಿ ಕೊಟ್ಟರು. ಆದರೂ ಹೊರಹಾಕಿದರು. ಕೇರಳ ಹೈಕೋರ್ಟಿನಲ್ಲೂ ಮಕ್ಕಳಿಗೆ ಸೋಲಾಯಿತು.

ಬಿಜೋ ಇಮ್ಯಾನುಯೆಲ್ ಪ್ರಕರಣವೆಂದು ಹೆಸರಾದ ಈ ಮೊಕದ್ದಮೆಯಲ್ಲಿ 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಮಕ್ಕಳನ್ನು ಮರಳಿ ಸೇರಿಸಿಕೊಳ್ಳಲು ಹೇಳಿತು. ತೀರ್ಪು ಬರೆದವರು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ. ಹಾಡಲೇಬೇಕೆಂಬ ಕಾನೂನು ಯಾವುದೂ ಇಲ್ಲ, ಎದ್ದು ನಿಂತದ್ದೇ ಗೌರವ, ಸುಮ್ಮನಿರುವ ಹಕ್ಕೂ ಮಾತಾಡುವ ಹಕ್ಕಿನೊಳಗೇ ಇದೆ ಎಂಬುದು ಅದರ ಸಾರ. ಒಬ್ಬನ ನಂಬಿಕೆ ನಮ್ಮ ಬುದ್ಧಿಗೆ ಒಪ್ಪುತ್ತದೆಯೇ ಎಂದು ಕೋರ್ಟು ನೋಡಲಿಲ್ಲ. ಅದು ಪ್ರಾಮಾಣಿಕವಾದ ನಂಬಿಕೆಯೇ ಎಂದು ನೋಡಿತು. ನಮ್ಮೂರಿನ ಹಿರಿಯರು ಪಾನಕದ ಲೆಕ್ಕದಲ್ಲಿ ಮಾಡಿದ್ದನ್ನೇ ದೇಶದ ದೊಡ್ಡ ಕೋರ್ಟು ಮಾಡಿತ್ತು. ಗೌರವವನ್ನೂ ಆರಾಧನೆಯನ್ನೂ ಬಿಡಿಸಿ ನೋಡಿತ್ತು.

ನಮ್ಮ ಚರ್ಚುಗಳು ಯೆಹೋವನ ಸಾಕ್ಷಿಗಳನ್ನು ತಮ್ಮವರೆಂದು ಒಪ್ಪುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ನಮ್ಮ ಮನೆಯಲ್ಲಿ ಯಾರೂ ಅವರ ಹಾಗೆ ನಂಬುವುದಿಲ್ಲ, ರಾಷ್ಟ್ರಗೀತೆಯನ್ನು ನಾನು ಸಂತೋಷದಿಂದ ಹಾಡುತ್ತೇನೆ. ಆದರೆ ದೊಡ್ಡ ಸಭೆಗಳು ದೂರವಿಟ್ಟ ಒಂದು ಸಣ್ಣ ಪಂಥದ ಮೂವರು ಮಕ್ಕಳು ಗಳಿಸಿಕೊಟ್ಟ ನೆರಳಿನಲ್ಲಿ ನಾವೆಲ್ಲರೂ ನಿಂತಿದ್ದೇವೆ.

ಇದಕ್ಕೂ ಮುಂಚೆ ಅಮೆರಿಕದಲ್ಲಿ ಇದೇ ಪಂಥದ ಮಕ್ಕಳು ಧ್ವಜವಂದನೆ ಮಾಡಲಿಲ್ಲವೆಂದು ಶಾಲೆಯಿಂದ ಹೊರಬಿದ್ದಿದ್ದರು. 1940ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎಂಟು ಒಂದರ ಬಹುಮತದಿಂದ ಶಾಲೆಯ ಪರ ತೀರ್ಪು ಕೊಟ್ಟಿತು. ಬಳಿಕ ಆ ಪಂಥದವರ ಮೇಲೆ ದೇಶದ ಹಲವೆಡೆ ಗುಂಪು ಹಲ್ಲೆಗಳಾದವು. ಮೂರೇ ವರ್ಷದಲ್ಲಿ, 1943ರ ಜೂನ್ 14ರಂದು, ಮಹಾಯುದ್ಧ ನಡೆಯುತ್ತಿರುವಾಗಲೇ, ಅದೇ ಕೋರ್ಟು ತನ್ನ ತೀರ್ಪನ್ನು ತಾನೇ ತಿರುಗಿಸಿತು. ಮೊದಲು ಶಾಲೆಯ ಪರ ನಿಂತಿದ್ದ ನ್ಯಾಯಮೂರ್ತಿಗಳಲ್ಲಿ ಮೂವರು ಮನಸ್ಸು ಬದಲಾಯಿಸಿದ್ದರು. ತಪ್ಪನ್ನು ಒಪ್ಪಿಕೊಳ್ಳಲು ನ್ಯಾಯಾಧೀಶರಿಗೇ ಸಾಧ್ಯವಾದರೆ ಪಿಯುಸಿ ಹುಡುಗನಿಗೆ ಯಾಕೆ ಸಾಧ್ಯವಾಗಬಾರದು?

ನಮ್ಮ ರಾಜ್ಯದ ವಿಷಯಕ್ಕೆ ಬರೋಣ. 2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟ್ ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂದು ಹೇಳಿ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಒಂದು ಧರ್ಮಕ್ಕೆ ಯಾವುದು ಅತ್ಯಗತ್ಯ ಎಂಬ ಈ ವಿಚಾರ ಶುರುವಾದದ್ದೂ ಉಡುಪಿಯ ನಂಟಿರುವ ಪ್ರಕರಣದಿಂದಲೇ, 1954ರ ಶಿರೂರು ಮಠದ ಪ್ರಕರಣದಿಂದ. ಆದರೆ ಅಂದು ಸುಪ್ರೀಂ ಕೋರ್ಟ್ ಹೇಳಿದ್ದು, ಯಾವುದು ಅತ್ಯಗತ್ಯ ಎಂಬುದನ್ನು ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕು ಎಂದು. ಮಠವನ್ನು ಸರ್ಕಾರದ ಕೈಯಿಂದ ಕಾಪಾಡಲು ಹುಟ್ಟಿದ ಮಾತು ಕ್ರಮೇಣ ನ್ಯಾಯಾಧೀಶರೇ ಧರ್ಮಶಾಸ್ತ್ರ ಬಿಡಿಸುವ ಕೆಲಸವಾಗಿ ಬೆಳೆಯಿತು. 2022ರ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಆದೇಶ ಸರಿಯೆಂದರು. ನ್ಯಾಯಮೂರ್ತಿ ಸುಧಾಂಶು ಧೂಲಿಯಾ 1986ರ ಆ ಮೂವರು ಮಕ್ಕಳ ತೀರ್ಪನ್ನು ಆಧಾರವಾಗಿ ಹಿಡಿದರು. ಅತ್ಯಗತ್ಯವೋ ಅಲ್ಲವೋ ಎಂಬ ಚರ್ಚೆಯೇ ಇಲ್ಲಿ ಬೇಕಿರಲಿಲ್ಲ, ಮನೆಗೆಲಸ ಮುಗಿಸಿ ಶಾಲೆಗೆ ಬರುವ ಹಳ್ಳಿಯ ಹೆಣ್ಣುಮಗಳ ಬದುಕನ್ನು ನಾವು ಇದರಿಂದ ಸುಧಾರಿಸುತ್ತಿದ್ದೇವೆಯೇ ಎಂಬುದು ಅವರ ಪ್ರಶ್ನೆಯಾಗಿತ್ತು. ಪ್ರಕರಣ ವಿಸ್ತೃತ ಪೀಠದ ದಾರಿ ಹಿಡಿಯಿತು.

ಸಮವಸ್ತ್ರದ ಪರವಾಗಿರುವ ವಾದವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಸರ್ಕಾರಿ ಶಾಲೆಯಲ್ಲಿ ಓದಿದವನು ನಾನು. ವಿದ್ಯಾವಿಕಾಸ ಯೋಜನೆಯಲ್ಲಿ ಕೊಟ್ಟ ಬಟ್ಟೆ ತೊಟ್ಟು ಬೆಳೆದವನು. ಹುಳಕ್ಕೆ ರೋಗ ಬಂದು ಬೆಳೆ ಕೈಕೊಟ್ಟ ವರ್ಷ ನಮ್ಮ ಮನೆಯ ಬಡತನ ತರಗತಿಯಲ್ಲಿ ಯಾರಿಗೂ ಕಾಣದಂತೆ ಮುಚ್ಚಿದ್ದು ಅದೇ ಬಟ್ಟೆ. ಆದ್ದರಿಂದ ಸಮವಸ್ತ್ರವನ್ನು ಗೌರವಿಸುತ್ತೇನೆ. ಆದರೆ ಅದು ಹುಟ್ಟಿದ್ದು ಯಾವ ಮಗುವೂ ಕೀಳರಿಮೆಯಿಂದ ಶಾಲೆ ಬಿಡಬಾರದು ಎಂಬ ಕಾಳಜಿಯಿಂದ. ಅದೇ ಬಟ್ಟೆಯ ಹೆಸರಿನಲ್ಲಿ ಮಗು ಶಾಲೆ ಬಿಡುವಂತಾದರೆ ಅದು ತನ್ನ ಉದ್ದೇಶವನ್ನೇ ಮರೆತಂತಾಗಲಿಲ್ಲವೇ? ಆ ಹುಡುಗಿಯರು ಕೇಳಿದ್ದು ಸಮವಸ್ತ್ರ ಬೇಡವೆಂದಲ್ಲ. ಅದೇ ಬಣ್ಣದ ದುಪಟ್ಟಾವನ್ನು ತಲೆಯ ಮೇಲೆ ಹೊದೆಯಲು ಬಿಡಿ ಎಂದು.

ಇನ್ನೊಂದು ವಾದವೂ ಇದೆ. ಮನೆಯವರ ಒತ್ತಾಯಕ್ಕೆ ತಲೆ ಮುಚ್ಚುವ ಹುಡುಗಿಯರೂ ಇರಬಹುದಲ್ಲವೇ ಎಂಬುದು. ಇರಬಹುದು. ಈ ಪತ್ರಿಕೆಯ ಓದುಗರು ನನಗಿಂತ ಚೆನ್ನಾಗಿ ಬಲ್ಲರು. ನಾನು ನನ್ನ ಮನೆಯ ಮಾತನ್ನಷ್ಟೇ ಹೇಳಬಲ್ಲೆ. ನಮ್ಮ ಕಥೋಲಿಕ ಸಭೆಯ 1917ರ ಕಾನೂನು ಸಂಹಿತೆಯಲ್ಲಿ ಹೆಂಗಸರು ದೇವಾಲಯದಲ್ಲಿ ತಲೆ ಮುಚ್ಚಿಕೊಳ್ಳಬೇಕೆಂಬ ನಿಯಮವಿತ್ತು. 1983ರ ಸಂಹಿತೆಯಲ್ಲಿ ಅದಿಲ್ಲ. ಅಜ್ಜಿ ಕೊನೆಯವರೆಗೂ ಸೆರಗು ಹೊದ್ದೇ ಪೂಜೆಗೆ ಕೂತರು. ಅಕ್ಕ ಹೊದೆಯುವುದಿಲ್ಲ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಅಕ್ಕ ಓದಿದಳು, ಕೆಲಸಕ್ಕೆ ಸೇರಿದಳು, ತನಗೆ ತೋಚಿದ್ದನ್ನು ಆರಿಸಿಕೊಂಡಳು. ಅವಳನ್ನು ಗೇಟಿನಲ್ಲಿ ತಡೆದಿದ್ದರೆ ಆ ಆಯ್ಕೆಯ ಶಕ್ತಿಯೇ ಅವಳಿಗೆ ಬರುತ್ತಿರಲಿಲ್ಲ. ಒತ್ತಾಯದಿಂದ ಹೊದಿಸುವುದು ತಪ್ಪೆಂದರೆ ಒತ್ತಾಯದಿಂದ ತೆಗೆಸುವುದು ಅದಕ್ಕೆ ಮದ್ದಾಗಲಾರದು. ಎರಡು ಕಡೆಯ ಒತ್ತಾಯಕ್ಕೂ ಉತ್ತರ ಕೊಡಬಲ್ಲದ್ದು ಓದು ಮಾತ್ರ.

ನ್ಯಾಯ ಕೇಳುವವನು ತನ್ನವರ ಮುಂದೆಯೂ ಅದೇ ತಕ್ಕಡಿ ಹಿಡಿಯಬೇಕು. 2022ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಒಂದು ಕ್ರೈಸ್ತ ಶಾಲೆಯ ಪ್ರವೇಶ ಅರ್ಜಿ ಸುದ್ದಿಯಾಯಿತು. ಮಗು ಬೈಬಲ್ ತರುವುದಕ್ಕೆ ಆಕ್ಷೇಪಿಸುವುದಿಲ್ಲ ಎಂದು ಪೋಷಕರು ಒಪ್ಪಿ ಸಹಿ ಹಾಕಬೇಕಿತ್ತು ಎಂಬುದು ದೂರು. ಅಲ್ಪಸಂಖ್ಯಾತರ ಸಂಸ್ಥೆಗೆ ತನ್ನ ಧರ್ಮ ಕಲಿಸುವ ಹಕ್ಕಿದೆ, ಸೇರುವುದು ಬಿಡುವುದು ಪೋಷಕರ ಇಷ್ಟ ಎಂದು ನಮ್ಮಲ್ಲಿ ಅನೇಕರು ಹೇಳಿದರು. ಕಾನೂನಿನ ಮಾತು ಇರಲಿ. ನನ್ನ ಮನಸ್ಸು ಒಪ್ಪಲಿಲ್ಲ. ಬೇರೆ ಧರ್ಮದ ಮಗುವಿನ ಕೈಗೆ ನಮ್ಮ ಗ್ರಂಥ ಕೊಡುವುದಾದರೆ ಅದು ಇಷ್ಟಪಟ್ಟು ತೆಗೆದುಕೊಳ್ಳುವಂತಿರಬೇಕು, ಸೀಟಿಗೆ ಕಟ್ಟಿದ ಷರತ್ತಾಗಿರಬಾರದು. ಹಬ್ಬದ ವರಿಯಲ್ಲಿ ನನ್ನ ಅಪ್ಪನಿಗೆ ಸಿಕ್ಕ ರಿಯಾಯಿತಿ ಆ ಮಗುವಿಗೂ ಸಿಗಬೇಕು.

ಇನ್ನು ನನ್ನ ನಂಬಿಕೆಯ ಬಗ್ಗೆ ಒಂದು ಮಾತು. ಪ್ರತಿ ಭಾನುವಾರ ಎದ್ದು ನಿಂತು ಎಲ್ಲರ ಜೊತೆ ವಿಶ್ವಾಸ ಸಂಗ್ರಹ ಹೇಳುತ್ತೇನೆ. ಅದರ ಪ್ರತಿ ಮಾತನ್ನೂ ನಾನು ನಂಬುತ್ತೇನೆಯೇ? ಕೆಲವು ಭಾನುವಾರ ಹೌದು, ಕೆಲವು ಭಾನುವಾರ ಗೊತ್ತಿಲ್ಲ. ಆದರೂ ಧ್ವನಿ ತಗ್ಗಿಸುವುದಿಲ್ಲ, ಪಕ್ಕದವರು ಏನೆಂದುಕೊಳ್ಳುತ್ತಾರೋ ಎಂಬ ಭಯ. ಕೇರಳದ ಆ ಮಕ್ಕಳು ನಂಬದ್ದನ್ನು ಹಾಡಲಿಲ್ಲ. ನಾನು ಗೊತ್ತಿಲ್ಲದ್ದನ್ನೂ ಗಟ್ಟಿಯಾಗಿ ಹೇಳುತ್ತೇನೆ. ಎಲ್ಲರಂತಿರಬೇಕೆಂಬ ಆಸೆ ನನ್ನಲ್ಲಿ ಎಷ್ಟು ಬೇರೂರಿದೆ ಎಂದರೆ ದೇವರ ಮುಂದೆಯೂ ಅದು ಬಿಡುವುದಿಲ್ಲ. ಗೇಟಿನಲ್ಲಿ ನಾನು ಸುಮ್ಮನಿದ್ದದ್ದೂ ಇದೇ ಆಸೆಯಿಂದ. ಬಲವಂತದಿಂದ ಹೇಳಿಸಿದ ಮಾತಿನಲ್ಲಿ ನಂಬಿಕೆ ಇರುವುದಿಲ್ಲ ಎಂದು ಸರ್ಕಾರಕ್ಕೆ ಹೇಳುವ ನಾವು ಭಯದಿಂದ ಹೇಳಿದ ಮಾತಿನಲ್ಲೂ ಅದು ಇರುವುದಿಲ್ಲ ಎಂದು ನಮಗೆ ನಾವೇ ಹೇಳಿಕೊಳ್ಳಬೇಕಾಗಿದೆ.

ಆ ಹುಡುಗಿ ಆ ವರ್ಷ ಪರೀಕ್ಷೆ ಬರೆಯಲಿಲ್ಲ. ಒಂದು ವರ್ಷ ಕಳೆದುಕೊಂಡು ಬೇರೆ ಕಡೆ ಓದು ಮುಂದುವರಿಸಿದಳು. ಮೊನ್ನೆ ಚನ್ನಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ತಾಯಿ ಜೊತೆಗಿದ್ದರು. ಅಂದು ನಿನ್ನ ಪರವಾಗಿ ಮಾತಾಡಲಿಲ್ಲ, ತಪ್ಪಾಯಿತು ಎಂದೆ. ಬಹಳ ದಿನದಿಂದ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ ಮಾತು. ಅವಳು ಸ್ವಲ್ಪ ಯೋಚಿಸಿ, "ನೀನು ಮಾತಾಡಿದ್ರೂ ಆವತ್ತು ಅವರು ಬಿಡ್ತಿರಲಿಲ್ಲ. ಒಳಗೆ ಹೋಗಿದ್ದು ತಪ್ಪಲ್ಲ. ಆದ್ರೆ ಎರಡು ತಿಂಗಳು ಮನೇಲಿದ್ದೆ. ಕ್ಲಾಸಿನವರು ಒಬ್ಬರೂ ನೋಟ್ಸ್ ಕೊಡೋಕೆ ಬರ್ಲಿಲ್ಲ" ಎಂದಳು. ಅಷ್ಟರಲ್ಲಿ ಅವರ ಬಸ್ಸು ಬಂತು.

ನಾನು ದೊಡ್ಡ ಧೈರ್ಯದ ಲೆಕ್ಕ ಹಾಕುತ್ತ ಕೂತಿದ್ದೆ. ಅವಳು ಕೇಳಿದ್ದು ಒಂದು ನೋಟ್‌ಬುಕ್. ರಾಮನಗರದ ಮಾರುಕಟ್ಟೆಯಲ್ಲಿ ಆ ರೀಲರ್ ನಮಗೆ ಕೊಟ್ಟಿದ್ದೂ ಅಂಥದ್ದೇ ಸಣ್ಣ ವಸ್ತು, ಒಂದು ಪ್ರಶ್ನೆ. ಕೋರ್ಟುಗಳು ಮುಂದೆ ಏನು ಹೇಳುತ್ತವೋ ಹೇಳಲಿ. ಗೇಟಿನ ನಿಯಮ ಬದಲಿಸುವುದು ನನ್ನ ಕೈಯಲ್ಲಿರಲಿಲ್ಲ. ಗೇಟಿನ ಹೊರಗೆ ಉಳಿದವರ ಮನೆಯ ದಾರಿ ನನಗೆ ಗೊತ್ತಿತ್ತು. ಅಕ್ಕೂರಿನಿಂದ ಚನ್ನಪಟ್ಟಣಕ್ಕೆ ಪ್ರತಿ ಭಾನುವಾರ ಹೋಗುತ್ತಿದ್ದೆ. ಪೂಜೆ ಮುಗಿಸಿ ಅವಳ ಮನೆಗೆ ಹೋಗಿಬರಲು ಅರ್ಧ ಗಂಟೆ ಸಾಕಿತ್ತು.